ಚೆಕ್‌ಇನ್ ಕೌಂಟರಿನವರೇ, ಅದು ಚೀಟಿ ಅಲ್ಲ ಕಣ್ರೀ, ಮೂರನೇ ಪುಟ ನೋಡಿ!

ಜರ್ಮನ್ ಸರ್ಕಾರ ಕೊಟ್ಟ ದಾಖಲೆ ಅದು. ಫಿಕ್ಷನ್ಸ್‌ಬೆಶೈನಿಗುಂಗ್, ಅಂದ್ರೆ ವಾಸದ ಪರವಾನಗಿಯ ಅರ್ಜಿ ತೀರ್ಮಾನ ಆಗೋವರೆಗೆ ಕೊಡೋ ತಾತ್ಕಾಲಿಕ ಪತ್ರ. ಹೆಸರು ಹೇಳೋಕೆ ಬರ್ದಿದ್ರೆ ಬಿಡಿ, ಓದೋಕಾದ್ರೂ ಪ್ರಯತ್ನ ಪಡಬಾರ್ದಾ?

ನಿನ್ನೆ ರಾತ್ರಿ ಜರ್ಮನಿಗೆ ವಾಪಸ್ ಹೊರಟಾಗ, ದೇವನಹಳ್ಳಿ ಏರ್‌ಪೋರ್ಟ್, ಚೆಕ್‌ಇನ್ ಕೌಂಟರ್. ಪಾಸ್‌ಪೋರ್ಟ್ ಕೊಟ್ಟಾಗ ಎಲ್ಲ ಸರಿ. ಅವಧಿ ಮುಗಿದ ವಾಸದ ಪರವಾನಗಿ ಕಾರ್ಡ್ ನೋಡಿದ ತಕ್ಷಣ ಕೌಂಟರಿನ ಹುಡುಗಿಯ ಹುಬ್ಬು ಮೇಲೆ ಹೋಯ್ತು. ಅದರ ಜೊತೆ ಮಡಚಿದ ಈ ಹಾಳೆ ಕೊಟ್ಟಿದ್ದೇ ತಡ, ತಿರುಗಿಸಿ ನೋಡಿದ್ದೇನು, ಲೈಟಿಗೆ ಹಿಡಿದಿದ್ದೇನು, ಉಗುರಲ್ಲಿ ಅಂಚು ಕೆರೆದಿದ್ದೇನು! "ಇದು ವೀಸಾನಾ?" ಅಲ್ಲ. "ಕಾರ್ಡ್ ಎಲ್ಲಿ?" ಇನ್ನೂ ಬಂದಿಲ್ಲ. "ಸೈಡಿಗೆ ನಿಂತ್ಕೊಳಿ." ಸೈಡಿಗೆ! ಹಿಂದಿನ ಕ್ಯೂ ಪೂರ್ತಿ ಕತ್ತು ಚಾಚಿ ನೋಡ್ತಿದೆ. ಸೂಪರ್‌ವೈಸರ್ ಬಂದ, ಹಾಳೆಯ ಫೋಟೋ ಹೊಡೆದ, ಯಾರಿಗೋ ವಾಟ್ಸಾಪ್ ಮಾಡಿದ. ಉತ್ತರ ಬರೋ ತನಕ ಸೂಟ್‌ಕೇಸ್ ಬೆಲ್ಟ್ ಮೇಲೆ, ಮನುಷ್ಯ ಕಂಬದ ಪಕ್ಕ. ಅಷ್ಟರಲ್ಲಿ ಕ್ಯೂನಲ್ಲಿದ್ದ ಅಜ್ಜಿಯೊಬ್ಬರು ಮಗಳನ್ನ ಕೇಳ್ತಾರೆ: "ಏನ್ ಮಾಡಿದ್ನಂತೆ?"

ಏನೂ ಮಾಡಿಲ್ಲ ಅಜ್ಜಿ. ಹಳೇ ಪರವಾನಗಿ ಮುಗಿಯೋಕೆ ಮುಂಚೆನೇ ಅರ್ಜಿ ಹಾಕಿದ್ದು, ಅಷ್ಟೇ ಮಾಡಿದ್ದು.

ಮೂರನೇ ಪುಟ ನೋಡಿ ಸ್ವಾಮಿ. ಅಲ್ಲಿ ಚೌಕಗಳಿವೆ. ವಾಸದ ಕಾಯ್ದೆಯ ಸೆಕ್ಷನ್ 81, ಉಪವಿಧಿ 4ರ ಚೌಕಕ್ಕೆ ಟಿಕ್ ಬಿದ್ದಿದ್ರೆ ಹಳೇ ಪರವಾನಗಿ, ಹೊಸ ಅರ್ಜಿ ತೀರ್ಮಾನ ಆಗೋವರೆಗೂ ಜೀವಂತ. ಕೆಲಸಕ್ಕೆ ಹೋಗಬಹುದು, ಊರಿಗೆ ಬಂದು ವಾಪಸ್ ಹೋಗಬಹುದು. ಉಪವಿಧಿ 3ರ ಚೌಕ ಆಗಿದ್ರೆ ಕಥೆಯೇ ಬೇರೆ: ಜರ್ಮನಿಯೊಳಗೆ ಇರಬಹುದು, ಆಚೆ ಕಾಲಿಟ್ರೆ ಅದೇ ಹಾಳೆ ತೋರಿಸಿ ಒಳಗೆ ಬರೋ ಹಾಗಿಲ್ಲ. ಟಿಕ್ ಎಲ್ಲಿ ಬಿದ್ದಿದೆ ಅಂತ ಹಾಳೆ ಕೊಡೋ ಆಫೀಸಲ್ಲೇ ನೋಡಿಕೊಳ್ಳಿ. ಟಿಕೆಟ್ ಬುಕ್ ಮಾಡಿದ ಮೇಲೆ ಅಲ್ಲ. ಪಾಸ್‌ಪೋರ್ಟ್, ಹಳೇ ಕಾರ್ಡ್, ಈ ಹಾಳೆ, ಮೂರೂ ಒರಿಜಿನಲ್ಲೇ ಇರಬೇಕು. ಹಾಳೆಗೂ ಒಂದು ಕೊನೇ ದಿನಾಂಕ ಇರುತ್ತೆ, ಅದನ್ನೂ ನೋಡಿ.

ಕೌಂಟರಿನ ಹುಡುಗಿಯನ್ನ ಬೈದು ಏನು ಪ್ರಯೋಜನ, ಸರಿಯಾದ ದಾಖಲೆ ಇಲ್ಲದವರನ್ನ ಹತ್ತಿಸಿಕೊಂಡು ಹೋದ್ರೆ ದಂಡ ಕಟ್ಟೋದು ವಿಮಾನ ಕಂಪನಿ. ಆದ್ರೂ ಲೈಟಿಗೆ ಯಾಕ್ರೀ ಹಿಡೀಬೇಕಿತ್ತು?

ಸಿಟ್ಟು ಬರ್ಬೇಕಾಗಿರೋದು ಹಾಳೆ ಕೊಟ್ಟವರ ಮೇಲೆ. ಕಾನೂನು ಮಾಡೋದು ಬರ್ಲಿನ್, ಅದನ್ನ ಜಾರಿ ಮಾಡೋದು ಆಯಾ ನಗರದ, ಜಿಲ್ಲೆಯ ವಿದೇಶಿಯರ ಕಚೇರಿ. ಒಂದೇ ಕಾನೂನು, ಒಂದೂರಲ್ಲಿ ಕೆಲವು ವಾರ, ಪಕ್ಕದೂರಲ್ಲಿ ತಿಂಗಳುಗಟ್ಟಲೆ. ನ್ಯೂರೆಂಬರ್ಗಿನ ಕೇಂದ್ರ ವಲಸೆ-ನಿರಾಶ್ರಿತರ ಕಚೇರಿ ಬಾಂಫ್‌ಗೆ ಬರೆದ್ರೆ "ನಮ್ಮದಲ್ಲ" ಅಂತಾರೆ, ನಿಜವಾಗ್ಲೂ ಅವರದ್ದಲ್ಲ, ಅವರು ನೋಡೋದು ಆಶ್ರಯ ಕೇಳಿದವರ ಅರ್ಜಿ, ಭಾಷಾ ಕೋರ್ಸು ಇತ್ಯಾದಿ. ಅರ್ಜಿ ಒಪ್ಪಿಗೆಯಾಗಿ ಬೆರಳಚ್ಚು ಕೊಟ್ಟ ಮೇಲೂ ಕಾರ್ಡ್ ಅಚ್ಚಾಗೋಕೆ ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯ ಬುಂಡೆಸ್‌ಡ್ರುಕೆರಾಯ್‌ಗೇ ಹೋಗಬೇಕು, ಮತ್ತಷ್ಟು ವಾರ. ನವೀಕರಣಕ್ಕೆ 93 ಯೂರೋ. ತಡ ಮಾಡಿದ್ದು ಅವರು, ಆ ತಡಕ್ಕೆ ಕೊಡೋ ಹಾಳೆಗೆ 13 ಯೂರೋ ಕಟ್ಟಬೇಕಾದವರು ನಾವು!

2024ರ ಅಕ್ಟೋಬರ್‌ನಲ್ಲಿ ಆಗಿನ ಜರ್ಮನ್ ಚಾನ್ಸಲರ್ ಶೋಲ್ಟ್ಸ್ ದೆಹಲಿಗೆ ಬಂದು ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ 90,000 ಮಾಡ್ತೀವಿ ಅಂದ್ರು. ಊಟಕ್ಕೆ ಕರೆದು ಎಲೆ ಹಾಕೋಕೇ ಜನ ಇಲ್ಲ ಅಂದ ಹಾಗಾಯ್ತು. ಕಚೇರಿಗೆ ಸಿಬ್ಬಂದಿ ಯಾರು ಕೊಡ್ತಾರೆ?

ಪಾಪ, ಕಿಟಕಿ ಆಚೆ ಕೂತವರೂ ಕಡತಗಳ ಕೆಳಗೆ ಹೂತು ಹೋಗಿದ್ದಾರೆ. ಬಿಡಿ.

ಇಲ್ಲ, ಬಿಡಲ್ಲ. ಅರ್ಜಿ ಹಾಕಿ ಮೂರು ತಿಂಗಳಾದ್ರೂ ಸಕಾರಣ ಇಲ್ಲದೆ ನಿರ್ಧಾರ ಕೊಡದಿದ್ರೆ ಆಡಳಿತ ನ್ಯಾಯಾಲಯದಲ್ಲಿ ನಿಷ್ಕ್ರಿಯತೆಯ ದಾವೆ ಹಾಕಬಹುದು, ಉಂಟೇಟಿಶ್‌ಕೈಟ್ಸ್‌ಕ್ಲಾಗೆ. ಮೊದಲ ಹಂತದಲ್ಲಿ ವಕೀಲರು ಕಡ್ಡಾಯ ಅಲ್ಲ. ಅರ್ಜಿ ತಲುಪಿದ್ದಕ್ಕೆ ಸಾಕ್ಷಿ ಬೇಕು, ಅದಕ್ಕೇ ರಿಜಿಸ್ಟರ್ಡ್ ಪೋಸ್ಟ್ ರಸೀದಿ, ಫ್ಯಾಕ್ಸ್ ವರದಿ, ಆನ್‌ಲೈನ್ ಫಾರ್ಮಿನ ದೃಢೀಕರಣ, ಒಂದನ್ನೂ ಬಿಸಾಡಬೇಡಿ. ದಾವೆಯ ನೋಟಿಸ್ ತಲುಪಿದ ಮೇಲೆ ಕಡತಕ್ಕೆ ಕಾಲು ಬಂದಿರೋದು ಎಷ್ಟೋ ಸಲ.

ಇಷ್ಟೆಲ್ಲ ಕಾನೂನು ಬಾಯಿಪಾಠ ಇದ್ದು ಮಾಡಿದ್ದೇನು? ಕಂಬದ ಪಕ್ಕ ನಿಂತು "ಥ್ಯಾಂಕ್ಯೂ ಸರ್" ಅಂದಿದ್ದು. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಎರಡು ಸಲ ಅಂದಿದ್ದು! ಸೆಕ್ಷನ್ 81 ಪಂಡಿತರ ಪೌರುಷ ಇಷ್ಟೇ.

ಯಾರಾದ್ರೂ ಒಂದು ಹೇಳ್ರಪ್ಪ: ಈ ಹಾಳೆ ಹಿಡಿದು ಗಲ್ಫ್ ದಾರಿಯಲ್ಲಿ ಬಂದವರಿಗೆ ಟ್ರಾನ್ಸಿಟ್ ಕೌಂಟರ್‌ನಲ್ಲೂ ಇದೇ ಪಾಡಾ? ಮುಂಚೆನೇ ವಿಮಾನ ಕಂಪನಿಗೆ ಇಮೇಲ್ ಮಾಡಿ ಬರಹದಲ್ಲಿ ಒಪ್ಪಿಗೆ ತಗೊಂಡ್ರೆ ಕೌಂಟರಿನವರು ಅದನ್ನಾದ್ರೂ ಓದ್ತಾರಾ?