ಮನೆಯ ಕಷ್ಟ ಮೊದಲು ಗೊತ್ತಾಗುವುದು ಶಾಲೆಗೆ

ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಒಂದು ಮನೆ ಕಷ್ಟಕ್ಕೆ ಬಿದ್ದರೆ ಪಂಚಾಯಿತಿಗೆ ಗೊತ್ತಾಗುವುದು ತಡ. ತಹಸೀಲ್ದಾರ್ ಕಚೇರಿಗೆ ಗೊತ್ತಾಗುವುದು ಅರ್ಜಿ ಹೋದ ಮೇಲೆ. ಶಾಲೆಗೆ ಮಾತ್ರ ಅದೇ ವಾರ ಗೊತ್ತಾಗುತ್ತದೆ.

ನಾನು ಶಹಾಪುರ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕಿ. ದಸರಾ ಸೂಟಿ ಮುಗಿಯುವ ಹೊತ್ತಿಗೆ ಹತ್ತಿ ಒಡೆದಿರುತ್ತದೆ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸುತ್ತಾರೆ. ಕೆಲವರು ಹತ್ತಿ ಬಿಡಿಸಲು ಹೋಗಿರುತ್ತಾರೆ. ಕೆಲವರು ಅವ್ವ ಹೊಲಕ್ಕೆ ಹೋದಾಗ ಸಣ್ಣ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿರುತ್ತಾರೆ. ದೀಪಾವಳಿ ಆದ ಮೇಲೆ ಕೂಲಿ ಹುಡುಕಿ ಗುಳೆ ಹೋಗುವವರ ಸರದಿ. ಬೆಂಗಳೂರು, ಪುಣೆ, ಹೈದರಾಬಾದ್. ಮೇಸ್ತ್ರಿ ಕೊಟ್ಟ ಮುಂಗಡ ಆಗಲೇ ಖರ್ಚಾಗಿರುತ್ತದೆ, ಹೋಗದೆ ಬೇರೆ ದಾರಿ ಇರುವುದಿಲ್ಲ. "ಅಕ್ಕೋರೆ, ನಾಳಿಂದ ಹುಡುಗಿ ಸಾಲಿಗೆ ಬರಂಗಿಲ್ರಿ" ಅಂತ ಬಂದು ಹೇಳುವ ತಾಯಂದಿರು ಕಡಿಮೆ. ಜಾಸ್ತಿ ಜನ ಹೇಳದೆಯೇ ಹೋಗುತ್ತಾರೆ. ಸೋಮವಾರದ ಬಿಸಿಯೂಟದಲ್ಲಿ ಮತ್ತೆ ಮತ್ತೆ ಅನ್ನ ಹಾಕಿಸಿಕೊಳ್ಳುವ ಮಗುವನ್ನು ನೋಡಿದರೂ ನಮಗೆ ತಿಳಿಯುತ್ತದೆ. ಭಾನುವಾರ ಬಿಸಿಯೂಟ ಇರುವುದಿಲ್ಲ ಅಲ್ವಾ.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ, ಯಾದಗಿರಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ತೊಗರಿ, ಹತ್ತಿ ಹೊಲದಲ್ಲೇ ಕೊಳೆತವು. ಬೆಳೆ ಪರಿಹಾರಕ್ಕೆ ಸರ್ವೆ ಆಗಬೇಕು, ಪಟ್ಟಿ ಆಗಬೇಕು, ಆಮೇಲೆ ದುಡ್ಡು ಖಾತೆಗೆ ಬರಬೇಕು. ಹೊಲವೇ ಇಲ್ಲದ ಕೂಲಿಯವರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಬೆಳೆ ಹೋದರೆ ಅವರ ಕೂಲಿಯೂ ಹೋಯಿತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಘದ ಸಾಲದ ಕಂತು ಮಾತ್ರ ವಾರ ವಾರ ಬಾಗಿಲಿಗೆ ಬರುತ್ತದೆ. ಈ ನಡುವಿನ ತಿಂಗಳುಗಳಲ್ಲೇ ಮಗು ಶಾಲೆ ಬಿಡುವುದು.

ಶಾಲೆಗೆ ಬಂದ ಮಗುವಿಗೆ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗಲೂ ಬೀದರ್, ಕಲಬುರಗಿ, ಯಾದಗಿರಿ ಮೊದಲ ಪಟ್ಟಿಯಲ್ಲಿದ್ದವು. ಪುಸ್ತಕ, ಸಮವಸ್ತ್ರ, ಶೂ, ಹಾಲು ಎಲ್ಲಾ ಇದೆ. ಆದರೆ ಇವೆಲ್ಲ ಸಿಗುವುದು ಮಗು ಶಾಲೆಗೆ ಬಂದರೆ. ಮನೆ ಕುಸಿದಾಗ ಮಗು ಬರುವುದೇ ಇಲ್ಲ. ಹಾಗಾಗಿ ಮನೆಗೆ ಕೊಡುವ ನೆರವೂ ಶಾಲೆಯಿಂದಲೇ ಶುರುವಾಗಬೇಕು, ಊರಿನವರು ಅದಕ್ಕೆ ಕೈ ಜೋಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಸಭೆಯಲ್ಲಿ ಮಾತು ನಡೆಯುವುದು ಕಾಂಪೌಂಡ್, ಬಣ್ಣ, ಧ್ವಜಾರೋಹಣದ ಸಿಹಿ ಬಗ್ಗೆ. ಸಮಿತಿಯ ಮಹಿಳೆಯರು ಸಹಿ ಮಾಡಿ ಸುಮ್ನೆ ಎದ್ದು ಹೋಗುತ್ತಾರೆ. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಯಾರೂ ಕೇಳುವುದಿಲ್ಲ. ಪ್ರತಿ ಸಭೆಯಲ್ಲಿ ಅದನ್ನೇ ಮೊದಲು ಕೇಳಬೇಕು. ಆಮೇಲೆ ಇಬ್ಬರು ತಾಯಂದಿರು ಆ ಮನೆಗೆ ಹೋಗಿ ಮಾತಾಡಿ ಬರಬೇಕು. ಮೇಷ್ಟ್ರು ಹೋದರೆ ವಿಚಾರಣೆಗೆ ಬಂದರು ಅಂತ ಹೆದರುತ್ತಾರೆ. ಓಣಿಯ ಹೆಣ್ಣುಮಗಳು ಹೋದರೆ ಕೂತು ಹೇಳಿಕೊಳ್ಳುತ್ತಾರೆ.

ಬೇಕಾಗುವ ದುಡ್ಡು ಬಹಳ ಸಲ ಸಣ್ಣದು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚು ಉಳಿಯಿತು, ಹೈಸ್ಕೂಲಿಗೆ ಬೇರೆ ಊರಿಗೆ ಹೋಗುವ ಹುಡುಗನಿಗೆ ಪಾಸ್ ಮಾಡಿಸಬೇಕು. ನೋಟ್‌ಬುಕ್ ಬೇಕು, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುಲ್ಕ ಬೇಕು. ಅಪ್ಪ ಕಲಬುರಗಿ ಆಸ್ಪತ್ರೆಯಲ್ಲಿ ಮಲಗಿದ್ದರೆ ಮನೆಗೆ ಎರಡು ವಾರದ ಜೋಳ, ಬೇಳೆ, ಎಣ್ಣೆ ಬೇಕು. ಊರು ಮನಸ್ಸು ಮಾಡಿದರೆ ಇಷ್ಟು ಆಗದ ಕೆಲಸವಲ್ಲ.

ನನ್ನ ಕೈಯಲ್ಲಿ ಆ ದುಡ್ಡಿದ್ದರೆ ಮೊದಲು ಅಜ್ಜಿಯರ ಮನೆಗೆ ಕೊಡುತ್ತಿದ್ದೆ. ಗುಳೆ ಹೋಗುವ ಅಪ್ಪ ಅವ್ವ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಹೋದರೆ ಆ ಮಗು ಶಾಲೆಯಲ್ಲಿ ಉಳಿಯುತ್ತದೆ. ಜೊತೆಗೆ ಕರೆದುಕೊಂಡು ಹೋದರೆ ಕಟ್ಟಡದ ಮರಳಿನ ಗುಡ್ಡೆ ಮೇಲೆ ಆಡುತ್ತಾ ವರ್ಷ ಕಳೆಯುತ್ತದೆ. ಬಿಟ್ಟು ಹೋಗಲು ಎಷ್ಟೋ ಜನರಿಗೆ ಮನಸ್ಸಿದೆ. ಆದರೆ ಅಜ್ಜಿಗೆ ಬಿ.ಪಿ. ಮಾತ್ರೆ ತರುವವರಿಲ್ಲ. ದುಡಿದು ದುಡಿದು ಬೆರಳ ಗೆರೆ ಸವೆದಿರುತ್ತದೆ, ರೇಷನ್ ಅಂಗಡಿಯ ಮಷೀನು ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಮಗ ಕಳಿಸುವ ದುಡ್ಡು ಬರುವವರೆಗೆ ಅಂಗಡಿಯಲ್ಲಿ ಉದ್ರಿ. ಇಂಥ ಅಜ್ಜಿಯ ಜೊತೆ ರೇಷನ್ ಅಂಗಡಿಗೆ ಒಬ್ಬರು ಹೋಗಿ ಬರುವುದು, ತಿಂಗಳಿಗೆ ಒಂದಿಷ್ಟು ಕಾಳು ಕೊಡುವುದು, ಸಂಜೆ ಒಮ್ಮೆ ಬಾಗಿಲಲ್ಲಿ ನಿಂತು ಮಾತಾಡಿಸುವುದು, ಇಷ್ಟಾದರೆ ಒಂದು ಮಗುವಿನ ಇಡೀ ವರ್ಷ ಉಳಿಯುತ್ತದೆ. ಗುಳೆ ಹೋದವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್‌ಗಳೂ ಬೇಕು. ಆದರೆ ಸಣ್ಣ ಮಗುವಿಗೆ ಅಜ್ಜಿಯ ಮನೆಯೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ದುಡ್ಡಿಗಿಂತ ದೊಡ್ಡ ತೊಡಕು ಕಾಗದದ್ದು. ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಅಂತ ನೋಡಿದರೆ ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅಂದರೆ ಒಂದು ದಿನದ ಕೂಲಿ ಬಿಡಬೇಕು. ಸರ್ವರ್ ಇಲ್ಲ ಅಂದರೆ ಇನ್ನೊಂದು ದಿನ. ಗೃಹಲಕ್ಷ್ಮಿ ನಿಂತುಹೋದವರಿದ್ದಾರೆ, ವಿಧವಾ ವೇತನಕ್ಕೆ ಅರ್ಜಿಯನ್ನೇ ಹಾಕದವರಿದ್ದಾರೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಅಂದು ಓದು ಬಾರದೆ ಉಳಿದವರಲ್ಲಿ ಎಷ್ಟೋ ಜನ ಇಂದು ನಮ್ಮ ಮಕ್ಕಳ ಅಪ್ಪ ಅವ್ವ. ಇವರ ಕೈಗೆ ಆನ್‌ಲೈನ್ ಅರ್ಜಿ ಕೊಟ್ಟರೆ ಏನು ಮಾಡಬೇಕು? ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅದೇ ಕೋಣೆಯಲ್ಲಿ ಊರಿನ ಡಿಗ್ರಿ ಹುಡುಗ ಹುಡುಗಿಯರು ಎರಡು ತಾಸು ಕೂತರೆ ಸಾಕು. ಅರ್ಜಿ ತುಂಬಲಿ, ಸ್ಟೇಟಸ್ ನೋಡಲಿ, ಎಲ್ಲಿ ನಿಂತಿದೆ ಅಂತ ಹೇಳಲಿ. ನಿವೃತ್ತ ಗುಮಾಸ್ತರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಶಿಕ್ಷಕರ ಮೇಲೆ ಇದನ್ನೂ ಹೊರಿಸಬೇಡಿ. ಗಣತಿ, ಚುನಾವಣೆ, ಸಮೀಕ್ಷೆ ಅಂತ ನಾವು ಪಾಠ ಬಿಟ್ಟು ಓಡಾಡುವುದು ಈಗಲೇ ಜಾಸ್ತಿಯಾಗಿದೆ.

ಕೊಡುವ ರೀತಿಯ ಬಗ್ಗೆ ಒಂದು ಮಾತು. ಬ್ಯಾನರ್ ಕಟ್ಟಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಬಡ ಮಕ್ಕಳಿಗೆ ನೋಟ್‌ಬುಕ್ ವಿತರಣೆ" ಅಂತ ಫೋಟೋ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಫೋಟೋ ಊರಿನ ವಾಟ್ಸಾಪ್ ಗುಂಪಿನಲ್ಲೆಲ್ಲಾ ಓಡಾಡುತ್ತದೆ. ಏಳನೇ ತರಗತಿಯ ಮಗುವಿಗೆ ನಾಚಿಕೆ ಗೊತ್ತಾಗುತ್ತದೆ. ನಾವು ಬೇರೆ ಕಡೆಯಿಂದ ಕಲಿಯಬೇಕಿಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿ, ಬೀದರ್‌ನ ನಾನಕ್ ಝೀರಾದ ಲಂಗರ್‌ನಲ್ಲಿ ಪಂಕ್ತಿಗೆ ಕೂತವರನ್ನು ನೀನು ಬಡವನಾ ಅಂತ ಯಾರೂ ಕೇಳುವುದಿಲ್ಲ. ನೋಟ್‌ಬುಕ್ ಕೊಡುವುದಾದರೆ ಇಡೀ ತರಗತಿಗೆ ಕೊಡಿ. ಒಂದು ಮನೆಗೆ ಮಾತ್ರ ಕೊಡುವುದಿದ್ದರೆ ಸಂಜೆ ಮನೆಗೆ ತಲುಪಿಸಿ. ಲೆಕ್ಕ ಎಸ್‌ಡಿಎಂಸಿ ಪುಸ್ತಕದಲ್ಲಿ ಇರಲಿ, ಹೆಸರು ಅಲ್ಲಿಂದ ಹೊರಗೆ ಬರಬಾರದು.

ದುಡ್ಡು ಎಲ್ಲಿಂದ? 2022ರ ಅಕ್ಟೋಬರ್‌ನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ವಿರೋಧ ಬಂದ ಮೇಲೆ ವಾಪಸ್ ಪಡೆಯಿತು. ವಾಪಸ್ ಪಡೆದದ್ದು ಸರಿ. ಸ್ವಂತ ಇಷ್ಟದಿಂದ ಕೊಡಿ ಅಂತ ಬರೆದರೂ ಕೊಡದವರ ಮಗು ಕ್ಲಾಸಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಕೇಳಬೇಕಾದದ್ದು ಇದೇ ಶಾಲೆಯಲ್ಲಿ ಓದಿ ನೌಕರಿ ಹಿಡಿದವರನ್ನು, ತೊಗರಿ ಖರೀದಿಯ ವ್ಯಾಪಾರಿಗಳನ್ನು, ಜಾತ್ರೆಗೆ ಸಾವಿರಗಟ್ಟಲೆ ಪಟ್ಟಿ ಬರೆಸುವವರನ್ನು.

ಇದು ಸರ್ಕಾರದ ಕೆಲಸ ಅಲ್ವಾ ಅಂತ ಕೇಳುವವರಿಗೆ: ಕಟ್ಟಡ, ಶೌಚಾಲಯ, ಶಿಕ್ಷಕರ ನೇಮಕ ಖಂಡಿತ ಸರ್ಕಾರದ್ದೇ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ, ಅದನ್ನು ಗಟ್ಟಿಯಾಗಿ ಕೇಳಬೇಕು. ಊರಿನ ನಿಧಿಯ ಒಂದು ರೂಪಾಯಿಯೂ ಸಿಮೆಂಟಿಗೆ ಹೋಗಬಾರದು. ಆದರೆ ಅಜ್ಜಿಯ ಮಾತ್ರೆ ಈ ವಾರ ಮುಗಿದರೆ ಈ ವಾರವೇ ತರಬೇಕು, ಅದಕ್ಕೆ ಓಣಿಯವರೇ ಬೇಕು.

ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ವಿಚಾರಿಸಿ. ಹತ್ತಿ ಒಡೆಯುವ ಮೊದಲೇ ಒಂದು ಸಭೆ ಕರೆಯಲು ಹೇಳಿ. ಈ ಸಲ ಯಾವ ಯಾವ ಮನೆಯವರು ಗುಳೆ ಹೋಗುವವರಿದ್ದಾರೆ, ಯಾರ ಮನೆಯಲ್ಲಿ ಮಗುವನ್ನು ಇಟ್ಟುಕೊಳ್ಳುವ ಅಜ್ಜಿ ಇದ್ದಾಳೆ, ಆ ಪಟ್ಟಿಯಿಂದ ಶುರು ಮಾಡಿ.