ಎಷ್ಟು ದಿನ ಅಂತ ಅಪ್ಪನಿಗೆ ಯಾರೂ ಹೇಳಲಿಲ್ಲ

ಆರು ವರ್ಷದ ಹಿಂದೆ ದಾವಣಗೆರೆಯಲ್ಲಿ ಅಪ್ಪನಿಗೆ ಹಲ್ಲುನೋವಿನ ಮಾತ್ರೆ ಜೊತೆ ಐದು ದಿನಕ್ಕೆ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಕೊಟ್ಟಿದ್ದರು. ನೋವಿನ ಮಾತ್ರೆ ನಿಂತಿತು, ಇದು ನಿಲ್ಲಲಿಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು, ಅರ್ಧ ಗಂಟೆ ಬಿಟ್ಟು ಕಾಫಿ. ಚೀಟಿ ಬೇಕಾದ ಔಷಧಿ ಇದು. ಆದರೆ ಮೆಡಿಕಲ್‌ನಲ್ಲಿ ಖಾಲಿ ಶೀಟ್ ತೋರಿಸಿದರೆ ಸಾಕು. ‘ಗ್ಯಾಸ್ಟ್ರಿಕ್ ಮಾತ್ರೆ ಕಣೋ, ಏನಾಗುತ್ತೆ?’ ಅನ್ನುತ್ತಿದ್ದರು ಅಪ್ಪ.

ನಾನಿರುವ ನ್ಯೂಜೆರ್ಸಿಯಲ್ಲಿ ಇದೇ ಗುಂಪಿನ ಔಷಧಿ, ಇದರ ಅಣ್ಣ ಒಮೆಪ್ರಜೋಲ್ ಚೀಟಿಯಿಲ್ಲದೆಯೇ ಸಿಗುತ್ತದೆ. ಅಮೆರಿಕದಲ್ಲಿ 2003ರಿಂದಲೂ ಹೀಗೇ. ಆದರೆ ಡಬ್ಬಿಯ ಮೇಲೆ ಬರೆದಿರುತ್ತದೆ: ದಿನಕ್ಕೊಂದು, 14 ದಿನ. ಮತ್ತೆ ಬೇಕೆಂದರೆ 4 ತಿಂಗಳು ಬಿಡಬೇಕು. 42 ಮಾತ್ರೆಯ ಡಬ್ಬಿ ತಂದರೂ ಒಳಗೆ 14ರಂತೆ ಮೂರು ಪಾಲು. ಇಲ್ಲಿನವರೂ ಅದನ್ನು ಮೀರಿ ವರ್ಷಗಟ್ಟಲೆ ನುಂಗುತ್ತಾರೆ, ನಿಜ. ಆದರೂ ಮೀರುತ್ತಿದ್ದೇನೆ ಅಂತ ಗೊತ್ತಿರುತ್ತದಲ್ವಾ?

ಹೋದ ಚಳಿಗಾಲದಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಯಿತು. ಆಗಲೇ ನಾನು ಈ ಮಾತ್ರೆ ಬಗ್ಗೆ ಓದಲು ಕೂತಿದ್ದು. ಹೊಟ್ಟೆಯ ಆಮ್ಲ ಸುಮ್ನೆ ಇರುವುದಲ್ಲ, ನಾವು ನುಂಗುವ ಕ್ರಿಮಿಗಳನ್ನು ಕೊಲ್ಲುತ್ತದೆ. ಆಮ್ಲ ಕಡಿಮೆಯಾದರೆ ಅವು ಬದುಕುತ್ತವೆ. ರಾತ್ರಿ ಮಲಗಿದಾಗ ಹೊಟ್ಟೆಯದು ಗಂಟಲಿಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯಬಹುದು. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ 3.6 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಈ ಗುಂಪಿನ ಮಾತ್ರೆ ತಗೊಳ್ಳುತ್ತಿದ್ದವರಿಗೆ ನಿಲ್ಲಿಸಿದವರಿಗಿಂತ ನ್ಯುಮೋನಿಯಾ ಹೆಚ್ಚುಕಡಿಮೆ ಎರಡು ಪಟ್ಟು ಕಂಡಿತ್ತು. ಆದರೆ 2019ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶ ಬೇರೆ. 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಹುಸಿ ಮಾತ್ರೆ. ಮೂರು ವರ್ಷ ನೋಡಿದರೂ ನ್ಯುಮೋನಿಯಾದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಕರುಳಿನ ಸೋಂಕು ಮಾತ್ರ ಸ್ವಲ್ಪ ಜಾಸ್ತಿ.

ಹಾಗಾಗಿ ಅಪ್ಪನ ನ್ಯುಮೋನಿಯಾಕ್ಕೆ ಮಾತ್ರೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣು ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇದು ಜೀವ ಉಳಿಸುವ ಔಷಧಿ. ಓದಿ ಹೆದರಿ ತಾವಾಗಿಯೇ ಬಿಡಬಾರದು. ದಿಢೀರನೆ ಬಿಟ್ಟರೆ ಎದೆಯುರಿ ಮೊದಲಿಗಿಂತ ಜೋರಾಗಿ ಮರಳಬಹುದು.

ನನ್ನ ಸಂಕಟ ಬೇರೆ. ಆರು ವರ್ಷ ಬೇಕಿಲ್ಲದ ಮಾತ್ರೆ ನುಂಗಿದರೂ, ‘ಇನ್ನೂ ಯಾಕೆ ತಗೊಳ್ತೀರಿ?’ ಅಂತ ಒಬ್ಬರೂ ಅಪ್ಪನನ್ನು ಕೇಳಲಿಲ್ಲ. ಫೋನಿನಲ್ಲಿ ‘ಊಟ ಆಯ್ತಾ’ ಅಂತ ದಿನಾ ಕೇಳುವ ನಾನೂ ಕೇಳಲಿಲ್ಲ. ನಮ್ಮ ಮೆಡಿಕಲ್‌ನವರು ಶೀಟಿನ ಹಿಂದೆ ಪೆನ್ನಿನಲ್ಲಿ 1-0-0 ಅಂತ ಬರೆದುಕೊಡುತ್ತಾರೆ. ಅದರ ಪಕ್ಕದಲ್ಲೇ ‘5 ದಿನ’ ಅಂತಲೂ ಬರೆಯಲಿ.