ಮುಟ್ಟಬೇಡಿ, ಇದು ಆಟದ ಸಾಮಾನು

21 ಇಂಚಿನ ಹಳೇ ಡಬ್ಬಾ ಟಿವಿಯನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಸಾಗಿಸಿದ್ದೀರಾ? ನಾನು ಸಾಗಿಸಿದ್ದೇನೆ. ಹಳೇ ಕಂಬಳಿ ಸುತ್ತಿ, ಹಗ್ಗ ಬಿಗಿದು, ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಮಂಡಗದ್ದೆ ಹತ್ತಿರ ಕಂಡಕ್ಟರ್ ಬಂದು ಟಿವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ರಿಪೇರಿಗಾ?"

"ಇಲ್ಲ, ಪ್ರದರ್ಶನಕ್ಕೆ."

ಅವರು ಮರುಮಾತಾಡದೆ ಲಗೇಜ್ ಟಿಕೆಟ್ ಹರಿದು ಕೊಟ್ಟರು. ಪಕ್ಕದ ಸೀಟಿನ ಅಜ್ಜ ಮಾತ್ರ ಗಾಜನೂರು ಬರುವವರೆಗೂ ಸುಮ್ಮನಿದ್ದು, ಆಮೇಲೆ ಮೆಲ್ಲಗೆ, "ಗುಜರಿಯವ್ರೂ ತಗಳ್ಳಿಲ್ವಾ?" ಅಂದರು.

ವಿಷಯ ಏನಂದರೆ, ಶಿವಮೊಗ್ಗದಲ್ಲಿ ಹಳೇ ವಿಡಿಯೋ ಗೇಮ್ ಕೂಡಿಟ್ಟವರದ್ದೊಂದು ಸಮಾವೇಶ ಇತ್ತು. ನಮ್ಮಲ್ಲಿ ಹಲಸಿನ ಮೇಳ ಆಗುತ್ತೆ, ಅಡಿಕೆ ಬೆಳೆಗಾರರ ಸಮ್ಮೇಳನ ಆಗುತ್ತೆ, ಹಳೇ ವಿದ್ಯಾರ್ಥಿಗಳು ಸೇರಿ ಹಳೇ ಮೇಷ್ಟ್ರಿಗೆ ಶಾಲು ಹೊದೆಸೋದೂ ಆಗುತ್ತೆ. ಇದೂ ಒಂದು ಆಗಲಿ ಅಂತ ಹೊರಟೆ. ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನ ಮದುವೆ ಆಗಿತ್ತು. ವೇದಿಕೆ ಹಿಂದಿನ ಥರ್ಮಾಕೋಲಿನಲ್ಲಿ ಹುಡುಗ ಹುಡುಗಿಯ ಹೆಸರು ಕಿತ್ತಿದ್ದರು, ಮಧ್ಯದ 'ವೆಡ್ಸ್' ಕಿತ್ತಿರಲಿಲ್ಲ. ಅದರ ಕೆಳಗೇ ವಿಡಿಯೋ ಗೇಮಿನ ನಾಯಕ ಮಾರಿಯೋನ ಚಿತ್ರ ಇರುವ ಬ್ಯಾನರ್ ಕಟ್ಟಿದ್ದರು. ಪಾಪ, ಅವನು ರಾಜಕುಮಾರಿಗಾಗಿ ಅಲೆಯೋಕೆ ಶುರು ಮಾಡಿದ್ದು 1985ರಲ್ಲಿ. ಕಡೆಗೂ ಛತ್ರದವರೆಗೆ ಬಂದ.

ಸಾಮಾನು ಇಡುವವರಿಗೆ ಒಂದು ಫಾರಂ ಕೊಟ್ಟರು. ಅದರಲ್ಲಿ ಎರಡೇ ಕಾಲಂ. 'ಒರಿಜಿನಲ್', 'ಇತರೆ'. ನನ್ನ ಗೇಮ್ ಡಬ್ಬಿಯನ್ನು ತಿರುಗಿಸಿ ನೋಡಿದ ಹುಡುಗ ಏನೂ ಕೇಳದೆ 'ಇತರೆ'ಗೆ ಟಿಕ್ ಹಾಕಿದ. ಇತರೆಯವರಿಗೆ ಜಾಗ ಕೈ ತೊಳೆಯುವ ನಲ್ಲಿ ಪಕ್ಕ.

ಅವನ ತಪ್ಪೇನೂ ಇಲ್ಲ ಬಿಡಿ. ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಅಂತ ಗೇಮ್ ಡಬ್ಬಿ ಬಿಟ್ಟಿದ್ದು ಜಪಾನಿನಲ್ಲಿ, 1983ರ ಜುಲೈನಲ್ಲಿ. ಅದೇ ಮಾಲು ಅಮೆರಿಕಕ್ಕೆ ಹೋಗುವಾಗ ಹೆಸರು, ಆಕಾರ ಎರಡೂ ಬದಲಾಗಿ ಎನ್‌ಇಎಸ್ ಆಯ್ತು. ನಮ್ಮ ಘಟ್ಟದ ಮೇಲಿನ ಅಂಗಡಿಗಳಿಗೆ ಬಂದಿದ್ದು ಅದೂ ಅಲ್ಲ, ಇದೂ ಅಲ್ಲ. ತೈವಾನ್, ಚೀನಾ ಕಡೆಯ ನಕಲು. ಮೇಲೆ ಸಮುರಾಯ್, ಮೀಡಿಯಾ ಅಂತ ಬೇರೆ ಬೇರೆ ಹೆಸರು. ನಾವು ಆ ಹೆಸರನ್ನು ಬಾಯಲ್ಲಿ ಹೇಳಿದ್ದೇ ಇಲ್ಲ. ಡಬ್ಬಿಗೆ 'ವಿಡಿಯೋ ಗೇಮ್', ಒಳಗೆ ತುರುಕುವುದಕ್ಕೆ 'ಕ್ಯಾಸೆಟ್', ಅಷ್ಟೇ. ಹಳದಿ ಕ್ಯಾಸೆಟ್ ಮೇಲೆ '9999999 ಇನ್ 1' ಅಂತ ಅಚ್ಚು ಹಾಕಿರುತ್ತಿತ್ತು. ಒಳಗೆ ಕೂತು ಎಣಿಸಿದರೆ ಇಪ್ಪತ್ತು ಗೇಮ್ ಇದ್ದರೆ ಹೆಚ್ಚು. ಅದೇ ಮಾರಿಯೋ, ಅದೇ ಟ್ಯಾಂಕು, ಅದೇ ರೋಡ್ ಫೈಟರ್, ಒಂದೊಂದು ಸಲ ಒಂದೊಂದು ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಚುನಾವಣಾ ಪ್ರಣಾಳಿಕೆ ಓದೋದನ್ನು ನಮ್ಮ ತಲೆಮಾರು ಕಲಿತಿದ್ದೇ ಈ ಕ್ಯಾಸೆಟ್‌ನಿಂದ.

ಡಬ್ಬಿ ಮೊದಲು ಬಿಳಿ ಇತ್ತು, ಈಗ ಮಜ್ಜಿಗೆ ಹುಳಿ ಬಣ್ಣ. ಆ ಕಾಲದ ಪ್ಲಾಸ್ಟಿಕ್‌ಗೆ ಬೆಂಕಿ ಹಿಡಿಯಬಾರದು ಅಂತ ಬ್ರೋಮಿನ್ ಬೆರೆಸುತ್ತಿದ್ದರು, ವರ್ಷ ಕಳೆದ ಹಾಗೆ ಹಳದಿ ತಿರುಗೋಕೆ ಅದೂ ಒಂದು ಕಾರಣ ಅಂತಾರೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬಿಳಿ ಬರುತ್ತೆ ಅಂತ ಬಲ್ಲವರು ಹೇಳಿದರು. ಬಿಸಿಲಿಗೆ! ಮಲೆನಾಡಿನಲ್ಲಿ! ದೀಪಾವಳಿ ಕಳೆದರೂ ಮಳೆ ಬಿಟ್ಟಿರಲಿಲ್ಲ. ಮಧ್ಯೆ ಎರಡು ಗಂಟೆ ಸೂರ್ಯ ಕಂಡ ಅಂತ ಡಬ್ಬಿ ಹಿಡಿದು ಅಂಗಳಕ್ಕೆ ಓಡಿದರೆ, ಅಲ್ಲಿ ಅಮ್ಮ ಆಗಲೇ ಅಡಿಕೆ ಹರಡಿದ್ದರು. "ಹೊಟ್ಟೆಗೆ ಹಾಕೋ ಬೆಳೆಗೇ ಬಿಸಿಲಿಲ್ಲ, ನಿನ್ನ ಡಬ್ಬಿಗೆ ಬೇಕಾ?" ಅಂದರು. ಹಾಗಾಗಿ ಅದು ಅರ್ಧ ಬಿಳಿ, ಅರ್ಧ ಹಳದಿಯಾಗಿ ಸಮಾವೇಶಕ್ಕೆ ಬಂತು.

ಹಾಲ್ ತುಂಬ ಟೇಬಲ್. ಅಟಾರಿ ಇತ್ತು, ಸೆಗಾ ಇತ್ತು, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಇತ್ತು. ಎಲ್ಲದರ ಮುಂದೆ ಲ್ಯಾಮಿನೇಷನ್ ಮಾಡಿದ ಒಂದೇ ಬೋರ್ಡು: 'ದಯವಿಟ್ಟು ಮುಟ್ಟಬೇಡಿ'. ಮಕ್ಕಳು ಖುಷಿಯಿಂದ ಒಳಗೆ ಬರುತ್ತಿದ್ದರು, ಕೈ ಚಾಚುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಇನ್ನೂರು ಗೇಮ್ ಇರುವ ಜಾಗದಲ್ಲಿ ಆಡೋಕೆ ಒಂದೂ ಇಲ್ಲ. ಕಡೆಗೆ ಅವು ಛತ್ರದ ಪ್ಲಾಸ್ಟಿಕ್ ಕುರ್ಚಿ ಸಾಲು ಮಾಡಿಕೊಂಡು ರೈಲಾಟ ಆಡಿದವು.

ನನ್ನ ಎದುರಿನ ಟೇಬಲ್‌ನವರದ್ದು ಇಡೀ ಹಾಲ್‌ನಲ್ಲೇ ಭಾರಿ ಸಾಮಾನಂತೆ. ಗಾಜಿನಂತ ಪೆಟ್ಟಿಗೆ, ಅದರೊಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದು ರಟ್ಟಿನ ಡಬ್ಬಿ, ಅದರೊಳಗೆ ಒಂದು ಗೇಮ್‌ಬಾಯ್ ಕ್ಯಾಸೆಟ್. ಸೀಲ್ ಒಡೆದಿಲ್ಲ.

"ಆಡಿದ್ದೀರಾ ಸಾರ್?"

"ಒಡೆದರೆ ಹೋಯ್ತಲ್ರೀ!"

"ಹಾಗಾದ್ರೆ ಒಳಗೆ ಕ್ಯಾಸೆಟ್ ಇದೆ ಅಂತ ಹೇಗೆ ಗೊತ್ತು?"

ಅವರು ನನ್ನನ್ನು ನೋಡಿದ ನೋಟ, ಸತ್ಯನಾರಾಯಣ ಪೂಜೆಯಲ್ಲಿ ಎದ್ದು ಪ್ರಶ್ನೆ ಕೇಳಿದವನನ್ನು ನೋಡುವ ನೋಟ.

ಇದು ಶಿವಮೊಗ್ಗದ ಹುಚ್ಚು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2021ರ ಜುಲೈನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೋ 64 ಹರಾಜಾಗಿದ್ದು 15.6 ಲಕ್ಷ ಡಾಲರ್‌ಗೆ. ಮುಂದಿನ ತಿಂಗಳೇ ಹಳೇ ಸೂಪರ್ ಮಾರಿಯೋ ಬ್ರದರ್ಸ್ ಒಂದು 20 ಲಕ್ಷ ಡಾಲರ್‌ಗೆ ಹೋಯ್ತು. ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 15 ಕೋಟಿ ರೂಪಾಯಿ. ಇದಕ್ಕೆ ದರ ಕಟ್ಟೋಕೆ ಗ್ರೇಡಿಂಗ್ ಕಂಪನಿಗಳಿವೆ. ಡಬ್ಬಿಗೆ 10ಕ್ಕೆ ಇಷ್ಟು, ಮೇಲಿನ ಪ್ಲಾಸ್ಟಿಕ್ ಹಾಳೆಗೆ ಬೇರೆ ಮಾರ್ಕು. ಆ ಮಾರಿಯೋ 64ಕ್ಕೆ 9.8, ಹಾಳೆಗೆ ಎ ಪ್ಲಸ್ ಪ್ಲಸ್. ಹಾಳೆಗೆ ಕಣ್ರೀ! ನಮ್ಮ ಮನೆ ಹುಡುಗರು ಎಸ್ಸೆಸ್ಸೆಲ್ಸಿಯಲ್ಲಿ ತೆಗೆಯದ ಮಾರ್ಕನ್ನು ಅದು ತೆಗೆದಿದೆ, ಅದೂ ಪುಸ್ತಕ ತೆರೆಯದೆ.

ನನ್ನ ಜೊತೆ ನಮ್ಮ ಭಾವ ಬಂದಿದ್ದರು. ಟಿವಿ ಇಳಿಸೋಕೆ ಅಂತ ಕರೆಸಿದ್ದು. ಅವರು ಅಡಿಕೆ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಸರಕು, ಬೆಟ್ಟೆ, ರಾಶಿ, ಎಲ್ಲಕ್ಕಿಂತ ಕಡೆಯ ಗೊರಬಲು ಅಂತ ಅಡಿಕೆಯ ದರ್ಜೆಯನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳುವವರು. ಗ್ರೇಡಿಂಗ್ ಅಂದ ಕೂಡಲೇ ಕಿವಿ ನೆಟ್ಟಗಾಯ್ತು.

"ಇದು ಯಾವ ಗ್ರೇಡು?"

"9.2 ಬರಬಹುದು" ಅಂದರು ಎದುರಿನವರು, ವಿನಯದಿಂದ.

"ಒಡೆದು ನೋಡದೆ ದರ ಕಟ್ಟೋದು ಯಾವ ಸೀಮೆ ವ್ಯಾಪಾರ ಮಾರಾಯ್ರೆ" ಅಂದವರೇ ಭಾವ, ಅಭ್ಯಾಸ ಬಲ, ಜೇಬಿನಿಂದ ಅಡಕತ್ತರಿ ತೆಗೆದರು. ಎದುರಿನವರು ಪೆಟ್ಟಿಗೆ ತಬ್ಬಿಕೊಂಡು ಟೇಬಲ್ ಹಿಂದೆ ಕೂತೇಬಿಟ್ಟರು. ಊಟದ ಹೊತ್ತಿನವರೆಗೆ ಏಳಲಿಲ್ಲ.

ಹತ್ತು ಗಂಟೆಯ ಉದ್ಘಾಟನೆ ಹನ್ನೆರಡೂ ಕಾಲಿಗೆ ಶುರುವಾಯ್ತು. ಪ್ರಾರ್ಥನೆ, ದೀಪ, ಶಾಲು, ಹಾರ. ಮುಖ್ಯ ಅತಿಥಿಗಳು ಒಬ್ಬ ಮುಖಂಡರು. ಯಾವ ಸಭೆಗೆ ಬಂದಿದ್ದೇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ. ಮಕ್ಕಳು ವಿಡಿಯೋ ಗೇಮ್‌ನಿಂದ ಹಾಳಾಗುತ್ತಿರುವ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದರು. ವಿಡಿಯೋ ಗೇಮ್ ಪ್ರೇಮಿಗಳೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಯಾರಿಗೋ ಹೊಳೆಯಿತು, ಸಾಹೇಬರು ಒಂದು ಗೇಮ್ ಆಡಿ ಉದ್ಘಾಟಿಸಬೇಕು ಅಂತ. ಆದರೆ ಎಲ್ಲಿ? ಇನ್ನೂರು ಸಾಮಾನಿನಲ್ಲಿ ಮುಟ್ಟಬಹುದಾದ್ದು ಒಂದೇ, ನಲ್ಲಿ ಪಕ್ಕದ ಇತರೆ.

ಮೆರವಣಿಗೆ ನನ್ನ ಟೇಬಲ್‌ಗೆ ಬಂತು. ನಾನು ಟಿವಿ ಸ್ವಿಚ್ ಒತ್ತಿದೆ. 'ಠಣ್' ಅಂತ ಸದ್ದಾಗಿ, ಗಾಜಿನ ಮೇಲೆ ಕೈರೋಮ ನಿಲ್ಲುವಂತ ಚುರುಚುರು ಬಂತು. ಆದರೆ ಬರೀ ಬೂದು ಪರದೆ. ಕ್ಯಾಸೆಟ್ ತೆಗೆದೆ, ತುಟಿಗೆ ಹಿಡಿದು ಕೊಳಲಿನ ಹಾಗೆ ಆ ತುದಿಯಿಂದ ಈ ತುದಿಗೆ ಊದಿದೆ.

"ಊದಬೇಡಿ!" ಅಂತ ನಾಲ್ಕು ಕಡೆಯಿಂದ ಕೂಗು. ಎಂಜಲಿನ ತೇವಕ್ಕೆ ಪಿನ್ ತುಕ್ಕು ಹಿಡಿಯುತ್ತಂತೆ. ನಿಂಟೆಂಡೊದವರೇ ಊದಬೇಡಿ ಅಂದಿದ್ದಾರಂತೆ. ಅದು ನಿಜವೇ. ಊದಿದ್ದರಿಂದ ಅಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ತಾಗಿ ಗೇಮ್ ಶುರುವಾಗೋದು. ಆದರೆ ಆಗುಂಬೆ ಪಕ್ಕದವನಿಗೆ ತೇವದ ಬಗ್ಗೆ ಪಾಠ ಮಾಡೋದಾ? ನಮ್ಮ ಮನೆಯಲ್ಲಿ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲಕ್ಕೂ ಬೂಷ್ಟು ಬರುತ್ತೆ. ಈ ಕ್ಯಾಸೆಟ್ ಅಂಥ ಮೂವತ್ತು ಮಳೆಗಾಲ ಕಂಡಿದೆ. ನನ್ನ ಒಂದು ಉಸಿರಿಗೆ ಸಾಯುತ್ತಾ?

ಮಾರಿಯೋ ಬಂದ. ಮುಖಂಡರು ರಿಮೋಟ್ ಹಿಡಿದು ಫೋಟೋಗೆ ನಿಂತರು. ಮಾರಿಯೋನೂ ನಿಂತ. ಬಲಗಡೆಯಿಂದ ಗೂಂಬಾ ಅನ್ನೋ ಕಂದು ಬಣ್ಣದ ಶತ್ರು ನಿಧಾನಕ್ಕೆ ನಡೆದು ಬಂದು ತಾಗಿತು, ಮಾರಿಯೋ ಸತ್ತ. ಚಪ್ಪಾಳೆ. ಮತ್ತೆ ನಿಂತರು, ಅದೇ ಗೂಂಬಾ, ಮತ್ತೆ ಚಪ್ಪಾಳೆ. ಮೂರನೇ ಸಲವೂ ಅಷ್ಟೇ. ಮೂರು ಸಲ ನಿಂತು ಮೂರೂ ಸಲ ಸೋಲೋದು ಅವರಿಗೆ ಹೊಸದಲ್ಲ ಅಂತ ಹಿಂದೆ ಯಾರೋ ಗೊಣಗಿದ್ದು ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ವಾತಾವರಣ ತಿಳಿ ಮಾಡೋಣ ಅಂತ ನಾನು ಕಾಂಟ್ರಾ ಅನ್ನೋ ಇನ್ನೊಂದು ಗೇಮಿನ ಮಂತ್ರ ಹೇಳಿದೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಒತ್ತಿದರೆ ಮೂರು ಜೀವದ ಬದಲು ಮೂವತ್ತು. ಇದನ್ನು ಮೊದಲು ಮಾಡಿದ್ದು ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ, 1986ರಲ್ಲಿ ಗ್ರೇಡಿಯಸ್ ಗೇಮ್‌ಗೆ. ಪರೀಕ್ಷೆ ಮಾಡೋಕೆ ಕೂತರೆ ಅದು ಅವರಿಗೇ ಕಷ್ಟವಾಯಿತು, ಅದಕ್ಕೆ ಕಳ್ಳದಾರಿ ಇಟ್ಟುಕೊಂಡರು.

"ಮೂವತ್ತು ಸಲ ನಿಲ್ಲಬಹುದಾ?" ಅಂತ ಮುಖಂಡರು ಕೇಳಿದ ದನಿಯಲ್ಲಿ ಬೆಳಗ್ಗೆಯಿಂದ ಇಲ್ಲದ ಆಸಕ್ತಿ ಇತ್ತು.

ಮಧ್ಯಾಹ್ನದ ಮೇಲೆ ಬಂದೂಕಿನ ರಗಳೆ. ಡಕ್ ಹಂಟ್ ಗೊತ್ತಲ್ವಾ, ಬಾತುಕೋಳಿ ಹೊಡೆಯೋದು, 1984ರ ಗೇಮ್. ಆಯೋಜಕರು ಗೋಡೆಯಷ್ಟು ದೊಡ್ಡ ಎಲ್‌ಇಡಿ ಟಿವಿ ತಂದು ಅದಕ್ಕೆ ಬಂದೂಕು ಸಿಕ್ಕಿಸಿದ್ದರು. ಇದೊಂದನ್ನು ಮುಟ್ಟಬಹುದು ಅಂತ ಘೋಷಣೆ ಬೇರೆ. ಎಷ್ಟು ಹೊಡೆದರೂ ಒಂದು ಬಾತುಕೋಳಿ ಬೀಳಲಿಲ್ಲ. ಬೀಳೋದೂ ಇಲ್ಲ. ಆ ಬಂದೂಕು ಏನನ್ನೂ ಹೊಡೆಯಲ್ಲ, ನೋಡುತ್ತೆ ಅಷ್ಟೇ. ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತೆ, ಬಂದೂಕಿನ ಕಣ್ಣಿಗೆ ಆ ಬೆಳಕು ಆ ಕ್ಷಣವೇ ಬಿದ್ದರೆ ಗುರಿ ತಾಗಿದ ಲೆಕ್ಕ. ಡಬ್ಬಾ ಟಿವಿ ಆ ಗಳಿಗೆಗೆ ಸರಿಯಾಗಿ ಬೆಳಗುತ್ತೆ. ಹೊಸ ಟಿವಿ ಚಿತ್ರವನ್ನು ಚೆಂದ ಮಾಡಿ ತೋರಿಸೋಷ್ಟರಲ್ಲಿ ತಡವಾಗಿರುತ್ತೆ. ಇದನ್ನು ನಾನು ವಿವರಿಸುತ್ತಿದ್ದರೆ ಹೊಸನಗರ ಕಡೆಯ ರೈತರೊಬ್ಬರು ಪೂರ್ತಿ ಕೇಳಿ, "ತೋಟದ ಮಂಗ ಓಡಿಸೋಕೆ ಆಗುತ್ತಾ ಇದು?" ಅಂದರು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸೋದು ಬೇಡ ಅಂದರೆ ಎರಡು ತಗೊಳ್ಳೋಕೆ ತಯಾರಿದ್ದರು.

ಕೊನೆಗೆ ಒಬ್ಬ ಹಿರಿಯ ಸಂಗ್ರಹಕಾರರ ಉಪನ್ಯಾಸ. ಅಟಾರಿ ಕಂಪನಿ 1982ರಲ್ಲಿ ಈ.ಟಿ. ಅಂತ ಗೇಮ್ ಬಿಟ್ಟಿತು, ಮಾರಾಟವಾಗದೆ ರಾಶಿ ಬಿತ್ತು. 1983ರಲ್ಲಿ ಇತರ ಮಾಲಿನ ಜೊತೆ ಲಾರಿಯಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿಗೆ ಹಾಕಿ ಮುಚ್ಚಿದರು. 2014ರಲ್ಲಿ ಅದನ್ನೇ ಅಗೆದು ತೆಗೆದು ಹರಾಜು ಹಾಕಿದರೆ ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಒಂದು ಕ್ಯಾಸೆಟ್ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು. ಅಂಗಡಿಯಲ್ಲಿದ್ದಾಗ ಯಾರಿಗೂ ಬೇಡ, ಮೂವತ್ತು ವರ್ಷ ಕಸದಲ್ಲಿ ನೆನೆದ ಮೇಲೆ ಬೇಕು. ಉಪ್ಪಿನಕಾಯಿಗೂ ಇಷ್ಟು ತಾಳ್ಮೆ ಬೇಕಾಗಿಲ್ಲ.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸುಮ್ನೆ ಮಾತಿಗೆ, ನಮ್ಮನೇಲೂ ಒಂದು ಚೀಲ ಕ್ಯಾಸೆಟ್‌ನ ಅಮ್ಮ ಗೊಬ್ಬರಗುಂಡಿಗೆ ಹಾಕಿದ್ದರು, ನನಗೆ ಗಣಿತದಲ್ಲಿ 38 ಬಂದ ದಿನ, ಅಂದೆ. ಹಾಲ್ ನಿಶ್ಶಬ್ದವಾಯ್ತು. ಇತರೆಯವನ ಸುತ್ತ ಒರಿಜಿನಲ್‌ನವರೆಲ್ಲ ಬಂದು ನಿಂತರು. ಎಷ್ಟು ಕ್ಯಾಸೆಟ್? ಯಾವ ವರ್ಷ? ಗುಂಡಿ ಈಗಲೂ ಇದೆಯಾ?

ಅಮ್ಮನಿಗೆ ಫೋನ್ ಹಚ್ಚಿದೆ. "ಗುಂಡಿಯಲ್ಲಿ ಎಲ್ಲಿರುತ್ತೆ? ವರ್ಷ ವರ್ಷ ಗೊಬ್ಬರ ಹೊತ್ತು ತೋಟಕ್ಕೆ ಹಾಕಿಲ್ವಾ? ಇದ್ದರೆ ಯಾವುದೋ ಮರದ ಬುಡದಲ್ಲಿರುತ್ತೆ. ಯಾವ ಮರ ಅಂತ ನನಗೇನು ನೆನಪು" ಅಂದರು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಎರಡು ಕಾರು. ಬಿಳಿ ಗ್ಲೌಸ್ ಹಾಕಿದ ಆರು ಜನ, ಕೈಯಲ್ಲಿ ಹೊಸ ಗುದ್ದಲಿ, ಸ್ಟಿಕರ್ ಕಿತ್ತಿರಲಿಲ್ಲ. ಆಳುಗಳೆಲ್ಲ ಕೊಯ್ಲಿಗೆ ಹೋಗಿ, ಈ ಸಲ ಮರದ ಬುಡ ಬಿಡಿಸೋಕೆ ಜನವೇ ಸಿಕ್ಕಿಲ್ಲ ಅಂತ ಅಮ್ಮ ಎರಡು ತಿಂಗಳಿಂದ ಗೋಳಾಡುತ್ತಿದ್ದರು. ಬಂದವರಿಗೆ ಕಡುಬು, ಚಟ್ನಿ, ಕಾಫಿ ಕೊಟ್ಟರು. ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯಬೇಕು, ಬೇರಿಗೆ ಪೆಟ್ಟಾಗದ ಹಾಗೆ ಹೇಗೆ ಅಗೆಯಬೇಕು ಅಂತ ತೋರಿಸಿಕೊಟ್ಟರು. ಗೊಬ್ಬರದ ಬುಟ್ಟಿಗಳನ್ನು ಹತ್ತಿರವೇ ಇಡಿಸಿದರು. ಹೇಗೂ ಅಗೆದಿರ್ತೀರಿ, ಮುಚ್ಚುವಾಗ ಒಂದೊಂದು ಬುಟ್ಟಿ ಹಾಕಿಬಿಡಿ ಅಂದರು.

ಸಂಜೆಯ ಹೊತ್ತಿಗೆ ಕೆಳಗಿನ ತೋಟ ಪೂರ್ತಿ ಮುಗಿದಿತ್ತು. ಸಿಕ್ಕಿದ್ದು ಒಂದು ಚಪ್ಪಲಿ, ಒಂದು ಟಾರ್ಚು, ಮತ್ತೆ ಹಳದಿ ಕ್ಯಾಸೆಟ್‌ನ ಮೇಲಿನ ಅರ್ಧ ಹೋಳು. ಅಚ್ಚಿನಲ್ಲಿ ಮೂರು ಒಂಬತ್ತು ಉಳಿದಿತ್ತು. ಹಿರಿಯರು ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ನಡುಗುವ ದನಿಯಲ್ಲಿ, 2.5 ಬರಬಹುದು ಅಂದರು.

ಭಾವ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗೊರಬಲು" ಅಂದರು.

ಅಮ್ಮ ಕಾಫಿ ಲೋಟ ತಗೊಂಡು ಬಂದವರು ಅದನ್ನು ನೋಡಿ, ಗುಡ್ಡದ ಕಡೆ ಕೈ ತೋರಿಸಿದರು. "ಮೇಲಿನ ತೋಟ ಇನ್ನೂ ಹಾಗೇ ಇದೆ. ಮಾರಿಯೋದು ಆ ಕಡೆ ಹೋಗಿರಬೇಕು ನೋಡಿ. ಬರೋ ಭಾನುವಾರ ಸ್ವಲ್ಪ ಬೇಗ ಬನ್ನಿ."